ಹಾಲಿನ ಲೆಕ್ಕದ ಪಕ್ಕ ಬಸ್ಕಿಯ ಲೆಕ್ಕ

ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲು ಎಷ್ಟು ಬಂತು, ಯಾವತ್ತು ತಪ್ಪಿತು, ಸಿಲಿಂಡರ್ ಯಾವತ್ತು ಬದಲಾಯಿಸಿದ್ದು ಎಂಬ ಲೆಕ್ಕ ಎಷ್ಟೋ ಮನೆಗಳಲ್ಲಿ ಈಗಲೂ ಇರುತ್ತದೆ. ಮೈ ಗಟ್ಟಿ ಮಾಡಿಕೊಳ್ಳಬೇಕೆಂದು ಹೊರಟವರು ಶೂ ಕೊಳ್ಳುವ ಮುಂಚೆ ಆ ಚೌಕದಲ್ಲಿ ಇನ್ನೊಂದು ಸಾಲಿಗೆ ಜಾಗ ಮಾಡಿಕೊಳ್ಳಲಿ. ಬರೀ ಟಿಕ್ ಹಾಕಿದರೆ ಸಾಲದು, ಅಂಕಿ ಬರೆಯಬೇಕು: ‘ಬ 8-8-7, ದ 6-6-5’. ಅಂದರೆ ಬಸ್ಕಿ ಮೂರು ಸಲಕ್ಕೆ ಎಂಟು, ಎಂಟು, ಏಳು. ದಂಡ ಆರು, ಆರು, ಐದು. ಟಿಕ್ ನೋಡಿದರೆ ಅವತ್ತು ಮಾಡಿದ್ದೀರಿ ಎಂದಷ್ಟೇ ಗೊತ್ತಾಗುತ್ತದೆ. ಅಂಕಿ ನೋಡಿದರೆ ನಾಳಿದ್ದು ಎಷ್ಟು ಮಾಡಬೇಕು ಎಂಬುದೂ ಗೊತ್ತಾಗುತ್ತದೆ.

ಗರಡಿಮನೆಯಲ್ಲಿ ‘ಇವತ್ತು ಮನಸ್ಸಿದೆಯಾ?’ ಅಂತ ಯಾರೂ ಕೇಳುವುದಿಲ್ಲ. ಹೊತ್ತು ಗೊತ್ತು, ಜಾಗ ಗೊತ್ತು, ಎಣಿಸಲು ಉಸ್ತಾದರಿದ್ದಾರೆ. ಮನೆಯಲ್ಲಿ ಸಾಮು ಮಾಡುವವರಿಗೆ ಈ ಮೂರೂ ಇಲ್ಲ. ಬಹುಪಾಲು ಜನ ಸೋಲುವುದು ಇಲ್ಲೇ ಹೊರತು ಮೈಯಲ್ಲಿ ಬಲವಿಲ್ಲದೆ ಅಲ್ಲ. ‘21 ದಿನ ಮಾಡಿದರೆ ಅಭ್ಯಾಸವಾಗುತ್ತೆ’ ಅನ್ನುವ ಮಾತನ್ನಂತೂ ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕೆಲಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸರಾಸರಿ 66 ದಿನ ಹಿಡಿದಿತ್ತು. ಕೆಲವರಿಗೆ 18 ದಿನ, ಇನ್ನು ಕೆಲವರಿಗೆ 254 ದಿನ ಎಂಬ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡುವುದಿಲ್ಲ ಎಂಬುದೂ ಅದರಲ್ಲೇ ಕಂಡುಬಂತು. ಹಾಗಾಗಿ ಒಂದೇ ನಿಯಮ ಇಟ್ಟುಕೊಳ್ಳಿ: ಒಂದು ಸರದಿ ತಪ್ಪಬಹುದು, ಸಾಲಾಗಿ ಎರಡು ತಪ್ಪಬಾರದು.

ವಾರಕ್ಕೆ ಮೂರು ದಿನ ಸಾಕು. ಸೋಮ, ಬುಧ, ಶುಕ್ರ, ದಿನಕ್ಕೆ 35 ನಿಮಿಷ. ಮೊದಲ 8 ನಿಮಿಷ ಚುರುಕು ನಡಿಗೆ ಅಥವಾ ಮೆಟ್ಟಿಲು. ಆಮೇಲೆ ನಾಲ್ಕು ಕೆಲಸ: ಬಸ್ಕಿ, ದಂಡ, ಬ್ಯಾಗ್ ಎಳೆತ, ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳ ಮೇಲೆ ಮೈಯನ್ನು ಹಲಗೆಯಂತೆ ನೇರ ಹಿಡಿದಿರುವುದು). ಒಂದೊಂದೂ ಮೂರು ಸೆಟ್, ನಡುವೆ 90 ಸೆಕೆಂಡ್ ಬಿಡುವು. ಉಳಿದ ದಿನ 30 ನಿಮಿಷ ಬಿರುಸು ನಡಿಗೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಇಷ್ಟಾದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ, ಎರಡೂ ಹೆಚ್ಚು ಕಡಿಮೆ ಆದ ಹಾಗೆ.

ಬಸ್ಕಿ ಅಂದಕೂಡಲೇ ಶಾಲೆಯ ಶಿಕ್ಷೆ ನೆನಪಾಗುತ್ತದೆ. ಕಿವಿ ಬಿಟ್ಟು ಮಾಡಿ. ಹಿಂದೆ ಒಂದು ಕುರ್ಚಿ ಇರಲಿ, ಅದರ ಬೆನ್ನು ಗೋಡೆಗೆ ತಾಗಿರಲಿ. ಟೈಲ್ಸ್ ಮೇಲೆ ಪ್ಲಾಸ್ಟಿಕ್ ಕುರ್ಚಿ ಜಾರಿ ಬಿದ್ದು ಬಾಲಮೂಳೆಗೆ ಪೆಟ್ಟು ಮಾಡಿಕೊಳ್ಳುವುದು ಬಹಳ ಸುಲಭ. ಪಾದ ಭುಜದಷ್ಟು ಅಗಲ, ಬೆರಳು ಕೊಂಚ ಹೊರಕ್ಕೆ. ಮೂರು ಎಣಿಸುತ್ತಾ ಇಳಿಯಿರಿ, ಪೃಷ್ಠ ಕುರ್ಚಿಗೆ ತಗುಲಿದ್ದೇ ತಡ ಏಳಿ. ಏಳುವಾಗ ಮೊಣಕಾಲು ಒಳಕ್ಕೆ ವಾಲುತ್ತಿದ್ದರೆ ಆ ಸೆಟ್ ಅಲ್ಲಿಗೇ ಮುಗಿಯಿತು. ಗರಡಿಯವರು ಹಿಮ್ಮಡಿ ಎತ್ತಿ, ಪೂರ್ತಿ ಕೆಳಗಿಳಿದು ಹೊಡೆಯುವ ಬಸ್ಕಿ ಸೊಗಸಾದದ್ದೇ, ಆದರೆ ಕೀಲುಗಳು ಒಗ್ಗಿದ ಮೇಲೆ. ಸ್ನಾಯುವಿನ ಬಲ ಬೇಗ ಏರುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟಿರುವ ಸ್ನಾಯುರಜ್ಜು ನಿಧಾನಕ್ಕೆ ಗಟ್ಟಿಯಾಗುತ್ತದೆ. ಎರಡನೇ ತಿಂಗಳಲ್ಲಿ ‘ಈಗ ಸಲೀಸಾಗಿದೆ’ ಎಂದು ಒಮ್ಮೆಲೇ ದುಪ್ಪಟ್ಟು ಮಾಡಿದವರು ಮೊಣಕಾಲು ಹಿಡಿದು ಕೂರುವುದು ಇದಕ್ಕೇ.

ದಂಡ ನೆಲದ ಮೇಲೆ ಆಗದಿದ್ದರೆ ನಾಚಿಕೆಯೇನಿಲ್ಲ. ಮೊದಲು ಅಡುಗೆ ಕಟ್ಟೆಗೆ ಕೈ ಊರಿ, ಆಮೇಲೆ ಮಂಚದ ಅಂಚು, ಕೊನೆಗೆ ನೆಲ. ಸೊಂಟ ಜೋತು ಬಿದ್ದರೆ ಎತ್ತರ ಇನ್ನೂ ತಗ್ಗಿಸುವ ಹೊತ್ತು ಬಂದಿಲ್ಲ ಎಂದರ್ಥ.

ಬ್ಯಾಗ್ ಎಳೆತಕ್ಕೆ ಹಳೆಯ ಲ್ಯಾಪ್‌ಟಾಪ್ ಬ್ಯಾಗ್, ಒಂದು ಲೀಟರಿನ ನೀರಿನ ಬಾಟಲಿಗಳು. ನಾಲ್ಕು ಬಾಟಲಿ ಅಂದರೆ ಸುಮಾರು 4 ಕಿಲೋ. ಒಂದು ಕೈ ಮಂಚಕ್ಕೆ ಊರಿ, ಬೆನ್ನು ನೇರ ಇಟ್ಟು, ಬ್ಯಾಗನ್ನು ಸೊಂಟದ ಕಡೆಗೆ ಎಳೆಯಬೇಕು. ಬಾಟಲಿಯನ್ನು ಕಂಠಮಟ್ಟ ತುಂಬಿ: ಅರ್ಧ ತುಂಬಿದ್ದರೆ ನೀರು ಕುಲುಕಿ ಮಣಿಕಟ್ಟು ತಿರುಚುತ್ತದೆ. 20 ಲೀಟರಿನ ಕ್ಯಾನ್ ಎತ್ತಿ ಶೂರತನ ತೋರಿಸುವವರಿಗೂ ಇದೇ ಮಾತು.

ಯಾವ ಸೆಟ್ಟಿನಲ್ಲೂ ಇನ್ನೆರಡು ಆಗುತ್ತಿತ್ತು ಅನ್ನುವಾಗಲೇ ನಿಲ್ಲಿಸಿ. 8ರಿಂದ ಶುರು, ಮೂರೂ ಸೆಟ್ಟು 12 ತಲುಪಿದ ದಿನ ಒಂದು ಬಾಟಲಿ ಜಾಸ್ತಿ ಅಥವಾ, ದಂಡಕ್ಕಾದರೆ, ಕೈ ಊರುವ ಎತ್ತರ ಒಂದು ಹಂತ ಕೆಳಕ್ಕೆ, ಮತ್ತೆ 8ರಿಂದ. ಪ್ಲ್ಯಾಂಕ್ 20 ಸೆಕೆಂಡಿನಿಂದ 45ಕ್ಕೆ. ಪ್ರತಿ ಆರನೇ ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ. ಸುಸ್ತು ಇಳಿಯುವುದು ಆ ವಾರದಲ್ಲೇ. ಬಿಪಿ ಇರುವವರು ಉಸಿರು ಕಟ್ಟಿ ಎತ್ತಬಾರದು. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಶುರುಮಾಡಬೇಕು.

ಹುಮ್ಮಸ್ಸಿನಲ್ಲಿ ಮೊದಲ ದಿನವೇ ನೂರು, ಇನ್ನೂರು ಬಸ್ಕಿ ಹೊಡೆಯುವವರಿದ್ದಾರೆ. ಎರಡು ಮೂರು ದಿನ ತೊಡೆ ನೋವು ಬರುವುದು ಸಹಜ, 24ರಿಂದ 72 ಗಂಟೆಯೊಳಗೆ ಏರಿ ಇಳಿಯುತ್ತದೆ. ಆದರೆ ತೊಡೆ ಊದಿಕೊಂಡು, ಮೂತ್ರ ಕೋಲಾ ಅಥವಾ ಕಡು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಅದರ ಅಂಶ ರಕ್ತ ಸೇರಿ ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತಿರುವ ಲಕ್ಷಣ ಅದು. ಕಾಯಿಪಲ್ಯೆ ರಸ, ಎಳನೀರು ಅಂತ ಮನೆಮದ್ದು ಮಾಡುತ್ತಾ ಕೂರುವ ವಿಷಯವಲ್ಲ.

ಇನ್ನು ಊಟ. 60 ಕಿಲೋ ತೂಗುವವರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ದಿನಕ್ಕೆ 50 ಗ್ರಾಂ ಪ್ರೋಟೀನ್ ಸಾಕು; ಸಾಮು ಮಾಡುವವರಿಗೆ ಕಿಲೋಗೆ 1.2 ಗ್ರಾಂ, ಅಂದರೆ 72 ಗ್ರಾಮಾದರೂ ಬೇಕು. ಸಸ್ಯಾಹಾರಿ ತಟ್ಟೆಯನ್ನೇ ಎಣಿಸಿ. ರಾಗಿ ಹಿಟ್ಟು 100 ಗ್ರಾಂ, ಪ್ರೋಟೀನ್ 7 ಗ್ರಾಂ. ಹೆಸರುಕಾಳು 50 ಗ್ರಾಂ, 12. ತೊಗರಿಬೇಳೆ 40 ಗ್ರಾಂ, 9. ಹಾಲು ಮೊಸರು ಸೇರಿ ಅರ್ಧ ಲೀಟರ್, 16. ಕಡಲೆಕಾಯಿ ಬೀಜ 30 ಗ್ರಾಂ, ಏಳೂವರೆ. ಅಕ್ಕಿ 100 ಗ್ರಾಂ, ಇನ್ನೊಂದು ಏಳೂವರೆ. ಎಲ್ಲ ಕೂಡಿದರೆ 59. ಕೊರತೆಗೆ 30 ಗ್ರಾಂ ಸೋಯಾ ಚಂಕ್ಸ್ ಅಥವಾ, ತಿನ್ನುವವರಿಗೆ, ಎರಡು ಮೊಟ್ಟೆ. ಈ ತೂಕವೆಲ್ಲ ಬೇಯಿಸುವ ಮುಂಚಿನದ್ದು. ಮೋಸ ನಡೆಯುವುದು ಸಾರಿನಲ್ಲಿ: 40 ಗ್ರಾಂ ಬೇಳೆ ಒಬ್ಬರ ಪಾಲಿಗೆ ಬರಬೇಕು, ಆದರೆ ಅನ್ನದ ಮೇಲೆ ಬೀಳುವುದು ತಿಳಿ, ಬೇಳೆ ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಸೌಟು ಕದಡಿ ಬಡಿಸಿಕೊಳ್ಳಿ. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.

ತೂಕದ ಯಂತ್ರದ ಮೇಲೆ ದಿನಾ ಹತ್ತಿ ಬೇಸರಪಡುವುದೂ ಬಿಡುವುದಕ್ಕೆ ದೊಡ್ಡ ಕಾರಣ. ಒಂದು ಮದುವೆ ಊಟದ ಉಪ್ಪು, ಅನ್ನ ಸೇರಿ ಮಾರನೆಯ ಬೆಳಿಗ್ಗೆ ಒಂದು ಕಿಲೋ ಜಾಸ್ತಿ ತೋರಿಸಿದರೆ ಅದರಲ್ಲಿ ಹೆಚ್ಚಿನದು ನೀರು. ಒಂದು ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಬೇಕು, ಒಂದು ಹೋಳಿಗೆ ಊಟಕ್ಕೆ ಅಷ್ಟು ಶಕ್ತಿಯಿಲ್ಲ. ತಿಂಗಳಿಗೆರಡು ಸಲ ಟೇಪಿನಲ್ಲಿ ಸೊಂಟದ ಸುತ್ತಳತೆ ತೆಗೆಯಿರಿ, ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಉಸಿರು ಬಿಟ್ಟು. ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು.

ಮತ್ತೆ ಕ್ಯಾಲೆಂಡರಿಗೇ ಬರೋಣ. ಅದರಲ್ಲಿ ಗೌರಿ ಗಣೇಶ, ದಸರಾ, ದೀಪಾವಳಿ ಮೊದಲೇ ಅಚ್ಚಾಗಿರುತ್ತವೆ, ಊರಿಗೆ ಹೋಗುವ ದಿನಗಳೂ ಹೆಚ್ಚು ಕಡಿಮೆ ಗೊತ್ತಿರುತ್ತವೆ. ಆ ವಾರಗಳಲ್ಲಿ ಮುಂಚೆಯೇ ಪೆನ್ಸಿಲಿನಲ್ಲಿ ‘1’ ಅಂತ ಬರೆದಿಡಿ: ನಾಲ್ಕು ಕೆಲಸ, ಒಂದೊಂದೇ ಸೆಟ್, ಹತ್ತು ನಿಮಿಷ. ನೆಂಟರ ಮನೆಯ ಕೋಣೆಯಲ್ಲೂ ಆಗುತ್ತದೆ. ಇದು ಸಮಾಧಾನದ ಮಾತಲ್ಲ. ಒಮ್ಮೆ ಗಳಿಸಿದ ಬಲವನ್ನು ತಿಂಗಳುಗಟ್ಟಲೆ ಉಳಿಸಿಕೊಳ್ಳಲು, ಭಾರ ಇಳಿಸದಿದ್ದರೆ, ಗಳಿಸುವಾಗ ಮಾಡಿದ್ದರ ಮೂರನೇ ಒಂದು ಪಾಲು ಸಾಕಾಗುತ್ತದೆ. 60 ದಾಟಿದವರಿಗೆ ಮಾತ್ರ ಇಷ್ಟು ಸಾಲದು, ಅವರು ಎರಡು ಸೆಟ್ಟಿಗಿಂತ ಕೆಳಗೆ ಇಳಿಯಬಾರದು.

ಜ್ವರಕ್ಕೋ ಕೆಲಸದ ಒತ್ತಡಕ್ಕೋ ಪೂರ್ತಿ ನಿಂತುಹೋದರೆ: ಒಂದು ವಾರದ ಬಿಡುವಿಗೆ ಬಿಟ್ಟಲ್ಲಿಂದಲೇ ಹಿಡಿಯಿರಿ. ಮೂರು ವಾರವಾಗಿದ್ದರೆ ಮೂರರಲ್ಲಿ ಎರಡು ಪಾಲು ಭಾರ. ತಿಂಗಳು ದಾಟಿದ್ದರೆ ಅರ್ಧ. ಏದುಸಿರು ಮೊದಲು ಬರುತ್ತದೆ, ಯಾಕೆಂದರೆ ದಮ್ಮು ಎರಡು ವಾರಕ್ಕೇ ಇಳಿಯಲು ಶುರುವಾಗುತ್ತದೆ, ಬಲ ಇನ್ನೂ ಸ್ವಲ್ಪ ದಿನ ಉಳಿದಿರುತ್ತದೆ. ಆ ಏದುಸಿರು ಕಂಡು ‘ಎಲ್ಲ ಹೋಯ್ತು’ ಎಂದುಕೊಂಡು ಬಿಟ್ಟುಬಿಡುವವರೇ ಜಾಸ್ತಿ. ಹಿಂದಿನ ತಿಂಗಳ ಹಾಳೆ ತಿರುಗಿಸಿ, ಕೊನೆಯಲ್ಲಿ ಬರೆದ ಅಂಕಿ ನೋಡಿ. ‘ಬ 12-12-11’ ಅಂತಿದ್ದರೆ ಇವತ್ತು 6-6-6.