ರಂಧ್ರದ ಸೈಟ್ ಆರಿಸುವಾಗ

ನನ್ನ ಬೇಟೆಯ ರೈಫಲ್‌ಗೆ ಸ್ಕೋಪ್‌ಗಿಂತ ರಿಸೀವರ್ (ನಳಿಕೆಯ ಹಿಂದೆ ಗುಂಡು ತುಂಬುವ ಭಾಗ) ಮೇಲೆ ಕೂರುವ ರಂಧ್ರದ ಸೈಟ್, ಅಂದರೆ ಸಣ್ಣ ತೂತಿನ ಮೂಲಕ ನೋಡಿ ಗುರಿ ಹಿಡಿಯುವ ಸಾಧನ, ಇಷ್ಟ. ಸಾಮಾನ್ಯ ತೆರೆದ ಸೈಟ್‌ನಲ್ಲಿ ನಳಿಕೆಯ ಮೇಲಿನ ಕಚ್ಚು, ನಳಿಕೆಯ ತುದಿಯಲ್ಲಿರುವ ಮಣಿ, ದೂರದ ಪ್ರಾಣಿ ಈ ಮೂರನ್ನೂ ಕಣ್ಣು ಒಟ್ಟಿಗೆ ಸ್ಪಷ್ಟವಾಗಿ ಹಿಡಿಯಲಾರದು. ರಂಧ್ರವಾದರೆ ಕಣ್ಣು ತಾನಾಗಿ ಮಣಿಯನ್ನು ನಡುವಿಗೆ ತಂದುಕೊಳ್ಳುತ್ತದೆ; ನಾನು ಮಣಿಯನ್ನಷ್ಟೇ ನೋಡುತ್ತೇನೆ.

ನಾನು ಮೊದಲು ಪರೀಕ್ಷಿಸುವುದು ರಂಧ್ರದ ಅಗಲ. ಕಿರಿದಾದದ್ದು ಗುರಿಹಲಗೆಗೆ ಚೆನ್ನ, ಆದರೆ ಮುಸ್ಸಂಜೆಯ ಕಾಡಿನಲ್ಲಿ ಬೆಳಕನ್ನೇ ನುಂಗಿಬಿಡುತ್ತದೆ. ಅಗಲವಾದ ರಂಧ್ರ, ತೆಳುವಾದ ಅಂಚು: ಬೇಟೆಗೆ ಅದೇ ಸರಿ. ಕಿರಿದಾದ ರಂಧ್ರ ತಿರುಗಿಸಿ ಬಿಚ್ಚುವ ಬಿಲ್ಲೆಯಲ್ಲಿ ಇದ್ದರೆ ಎರಡಕ್ಕೂ ಆಯಿತು.

ಹಿಂದಿನ ಸೈಟ್ ಪೂರ್ತಿ ಇಳಿಸಿದರೂ ಗುಂಡು ಮೇಲೆಯೇ ಬಿದ್ದರೆ ಇನ್ನೂ ಎತ್ತರದ ಮಣಿ ಬೇಕು. ಸೈಟ್‌ಗಳ ನಡುವೆ 600 ಮಿ.ಮೀ. ಅಂತರವಿದ್ದರೆ, 100 ಮೀಟರ್‌ನಲ್ಲಿ ಗುಂಡನ್ನು 10 ಸೆಂ.ಮೀ. ಇಳಿಸಲು ಮಣಿ 0.6 ಮಿ.ಮೀ. ಹೆಚ್ಚು ಎತ್ತರವಿದ್ದರೆ ಸಾಕು.