ಕೆಂಪು ಮಣ್ಣಿನ ಮಾರ್ಸಿಯಾಕ್

ಫ್ರಾನ್ಸಿನ ಟುಲೂಸ್ ನಗರದ ಸೂಪರ್ ಮಾರ್ಕೆಟ್ಟುಗಳಲ್ಲಿ ಬೋರ್ಡೋ ವೈನ್‌ಗಳು ಎದುರಿಗೇ ಕಾಣುವಂತೆ ಸಾಲಾಗಿ ನಿಂತಿರುತ್ತವೆ. ಮಾರ್ಸಿಯಾಕ್ ಬೇಕೆಂದರೆ ಬಗ್ಗಿ, ಕೆಳಗಿನ ಹಲಗೆಯಲ್ಲಿ ಹುಡುಕಬೇಕು. ಹತ್ತು ಯುರೋದೊಳಗೆ ಒಳ್ಳೆಯ ಬಾಟಲಿ ಸಿಗುತ್ತದೆ. ಬಾಯಿಗೆ ಹಗುರವಾದ ಕೆಂಪು ವೈನ್, ಮದ್ಯಸಾರ ಶೇ 12ರ ಆಸುಪಾಸು. ವಿಮಾನ ಕಾರ್ಖಾನೆಯ ಕೆಲಸಕ್ಕೆಂದು ಈ ಊರಿಗೆ ಬಂದ ಮೇಲೆ ನಾನು ಇಷ್ಟಪಟ್ಟು ಕೊಳ್ಳುವ ವೈನ್ ಇದೊಂದೇ.

ಅದು ಹುಟ್ಟುವ ಕಣಿವೆಗೆ ನನ್ನನ್ನು ಕರೆದುಕೊಂಡು ಹೋದವನು ಸಹೋದ್ಯೋಗಿ, ಅವೆರೋನ್ ಜಿಲ್ಲೆಯವನು. ಅವನ ಸೋದರಮಾವ ಅಲ್ಲಿ ದ್ರಾಕ್ಷಿ ಬೆಳೆಗಾರ. ನಮ್ಮ ಮನೆ ವಿಜಯಪುರದ ತಿಕೋಟಾ ಕಡೆ. ಅಪ್ಪ ಥಾಮ್ಸನ್ ಸೀಡ್‌ಲೆಸ್ ಬೆಳೆದು ಒಣದ್ರಾಕ್ಷಿ ಮಾಡುತ್ತಾರೆ. ಅದನ್ನು ಕೇಳಿದ್ದೇ ತಡ, ಮಾವನ ತೋಟ ನೋಡಲೇಬೇಕು ಎಂದು ಪಟ್ಟು ಹಿಡಿದ. ಕ್ರೈಸ್ತರ ಪೆಂಟೆಕೋಸ್ಟ್ ಹಬ್ಬದ ಸೋಮವಾರದ ರಜೆಗೆ ಹೊರಟೆವು.

ರೊಡೆಜ್ ಪಟ್ಟಣ ದಾಟಿದ ಮೇಲೆ ಸುಣ್ಣಕಲ್ಲಿನ ಬಯಲು ಮುಗಿದು ರಸ್ತೆ ಕೆಳಗಿಳಿಯುತ್ತದೆ, ನೆಲದ ಬಣ್ಣವೇ ಬದಲಾಗುತ್ತದೆ. ಕಬ್ಬಿಣದ ಅಂಶ ತುಂಬಿದ ಕಡುಗೆಂಪು ಮಣ್ಣು. ಮನೆಗಳ ಗೋಡೆಗೂ ಅದೇ ಬಣ್ಣದ ಮರಳುಗಲ್ಲು. ಎರೆ ಹೊಲ ನೋಡಿ ಬೆಳೆದ ನನಗೆ ಕಣ್ಣು ತುಂಬಿದಂತಾಯಿತು. ದ್ರಾಕ್ಷಿ ಇರುವುದು ಇಳಿಜಾರಿನ ಮೇಲೆ, ಕಲ್ಲು ಪೇರಿಸಿ ಮಾಡಿದ ಮೆಟ್ಟಿಲು ಮೆಟ್ಟಿಲು ಪಟ್ಟಿಗಳಲ್ಲಿ. ಎಷ್ಟೋ ಪಟ್ಟಿಗಳಿಗೆ ಟ್ರ್ಯಾಕ್ಟರ್ ಹತ್ತುವುದಿಲ್ಲ. ಕಳೆಯಿಂದ ಕೊಯ್ಲಿನವರೆಗೆ ಕೈಯಲ್ಲೇ ಆಗಬೇಕು. ಇಡೀ ಮಾರ್ಸಿಯಾಕ್ ಸೇರಿಸಿದರೂ ಇನ್ನೂರು ಹೆಕ್ಟೇರ್ ಆಸುಪಾಸು.

ಅವತ್ತು ಊರಲ್ಲಿ ಚಿಗುರಿನ ಹಬ್ಬ, ಸೇಂಟ್ ಬುರ್ರು. ಎಳೆ ಚಿಗುರನ್ನು ಹಿಮ, ಆಲಿಕಲ್ಲುಗಳಿಂದ ಕಾಯಪ್ಪಾ ಎಂದು ಬೆಳೆಗಾರರು ಪ್ರಾರ್ಥಿಸುವ ದಿನ. ಬೆಳಗಿನ ಪೂಜೆ ಮುಗಿಸಿಕೊಂಡು ಬಂದ ಮಾವ ನೇರ ತೋಟಕ್ಕೇ ಕರೆದೊಯ್ದರು. ಎಲೆಗಳ ಮೇಲೆ ತಿಳಿ ನೀಲಿ ಕಲೆ. ಕೇಳಬೇಕಾಗಿಯೇ ಇರಲಿಲ್ಲ, ಬೋರ್ಡೋ ದ್ರಾವಣ. ಮೈಲುತುತ್ತ, ಸುಣ್ಣ. ಡೌನಿ ಎಂಬ ಬೂಜು ರೋಗಕ್ಕೆ ಅಪ್ಪ ಹೊಡೆಯುವುದೂ ಅದನ್ನೇ. 1880ರ ದಶಕದಲ್ಲಿ ಇದೇ ಫ್ರಾನ್ಸಿನಲ್ಲಿ ಕಂಡುಕೊಂಡ ಮದ್ದು ನಮ್ಮ ಕೊಟ್ಟಿಗೆಯ ಪಕ್ಕದ ಡ್ರಮ್ಮಿನವರೆಗೆ ಬಂದಿದೆಯಲ್ಲ ಎನಿಸಿ ಆ ಎಲೆಯನ್ನು ಬಹಳ ಹೊತ್ತು ಹಿಡಿದುಕೊಂಡು ನಿಂತೆ.

ಬಳ್ಳಿಯ ತಳಿ ಫೆರ್ ಸರ್ವಾದು. ಊರವರು ಕರೆಯುವುದು ಮಾನ್ಸ್ವಾ ಎಂದು. ಮಾವ ಕತ್ತರಿ ಕೊಟ್ಟು ಒಂದು ಒಣ ಕಡ್ಡಿ ತೋರಿಸಿದರು. ಎರಡೂ ಕೈ ಹಾಕಿ ಒತ್ತಬೇಕಾಯಿತು, ಅಷ್ಟು ಗಟ್ಟಿ.

ಇಂಥ ವೈನ್ ಇಷ್ಟು ಅಗ್ಗಕ್ಕೆ ಏಕೆ ಎಂಬುದಕ್ಕೆ ಉತ್ತರ ಊಟದ ಹೊತ್ತಿಗೆ ಸಿಕ್ಕಿತು. ಬಳ್ಳಿ ಬೆಳೆಸಿದವರು ಹತ್ತಿರದ ಕಾಂಕ್ ಮಠದ ಸನ್ಯಾಸಿಗಳು, ಸಾವಿರ ವರ್ಷದ ಹಿಂದಿನ ಮಾತು. ಆದರೆ ಮುಂದೆ ಈ ವೈನನ್ನು ಕುಡಿದು ಸಾಕಿದವರು ದೆಕಾಜ್‌ವಿಲ್‌ನ ಕಲ್ಲಿದ್ದಲು ಗಣಿಯವರು. ಪಾಳಿ ಮುಗಿಸಿ ಮೇಲೆ ಬಂದವನಿಗೆ ದಾಹ ತೀರಬೇಕು, ತಲೆ ಭಾರವಾಗಬಾರದು, ಕೂಲಿಯಲ್ಲಿ ಕೊಳ್ಳುವಂತಿರಬೇಕು. ಮಾವನ ತಂದೆ ಪೀಪಾಯಿಗಳನ್ನು ಅಲ್ಲಿಗೇ ಸಾಗಿಸುತ್ತಿದ್ದರಂತೆ. ಆಮೇಲೆ ಗಣಿ ಮುಚ್ಚುವ ಮಾತು ಬಂತು. 1961ರ ಡಿಸೆಂಬರಿನಲ್ಲಿ ಕಾರ್ಮಿಕರು ಸುರಂಗದೊಳಗೇ ಮುಷ್ಕರ ಹೂಡಿ ಕೂತರು, ಕ್ರಿಸ್‌ಮಸ್ಸನ್ನೂ ನೆಲದಡಿಯಲ್ಲೇ ಕಳೆದು 66 ದಿನ ಮೇಲೆ ಬರಲಿಲ್ಲ. ಆದರೂ ಸುರಂಗಗಳು ಉಳಿಯಲಿಲ್ಲ. ಗಿರಾಕಿಯೇ ಹೋದ ಮೇಲೆ ತೋಟಗಳು ಒಂದೊಂದಾಗಿ ಪಾಳು ಬಿದ್ದವು. ಉಳಿದವರು 1965ರಲ್ಲಿ ವಲಾದಿ ಎಂಬ ಊರಲ್ಲಿ ಸಹಕಾರ ಸಂಘ ಕಟ್ಟಿದರು. 1990ರಲ್ಲಿ ಮಾರ್ಸಿಯಾಕ್ ಹೆಸರಿಗೆ ಸರ್ಕಾರದ ಮೂಲ ಪ್ರದೇಶದ ಮಾನ್ಯತೆ, ಅಂದರೆ ಆ ಪ್ರದೇಶದ ವೈನಿಗೆ ಮಾತ್ರ ಆ ಹೆಸರು ಎಂಬ ಹಕ್ಕು, ಸಿಕ್ಕಿತು. ಹಾಗಾಗಿ ಆ ಬೆಲೆಯ ಚೀಟಿಯಲ್ಲಿ ನನಗೆ ಕಾಣುವುದು ಗಣಿಯವರ ಜೇಬು. ಗುಣಕ್ಕೂ ಆ ಬೆಲೆಗೂ ಸಂಬಂಧವಿಲ್ಲ.

ಮಾವ ನೆಲಮಾಳಿಗೆಯಿಂದ ತಂಪಾಗಿದ್ದ ಬಾಟಲಿಯನ್ನು ತಂದು ಹಾಗೇ ಸುರಿದರು. ಮೊದಲು ಬಂದದ್ದು ರಾಸ್ಪ್‌ಬೆರಿಯ ವಾಸನೆ, ಅದರ ಬೆನ್ನಿಗೇ ಕರಿಮೆಣಸು, ಹಸಿ ದೊಣ್ಣೆ ಮೆಣಸಿನಕಾಯಿ. ದೊಣ್ಣೆ ಮೆಣಸಿನಕಾಯಿಯ ಆ ವಾಸನೆಗೆ ಕಾರಣವಾದ ಪೈರಾಜಿನ್ ಎಂಬ ರಾಸಾಯನಿಕಗಳು ಈ ಹಣ್ಣಿನಲ್ಲೂ ಇವೆ. ಕೊನೆಗೆ ನಾಲಿಗೆಯ ಅಂಚಿನಲ್ಲಿ ಸಣ್ಣ ಒಗರು. ಬರೀ ವೈನ್ ಕುಡಿದರೆ ಆ ಒಗರು ಎದ್ದು ಕಾಣುತ್ತದೆ, ಊಟದ ಜೊತೆಗೆ ಅದೇ ಬೇಕು. ಅತ್ತೆ ಸೊಪ್ಪು ಹೆಚ್ಚಿ ಹಿಟ್ಟಿನಲ್ಲಿ ಕಲಸಿ ಕಾವಲಿಯ ಮೇಲೆ ಬೇಯಿಸಿದ ಫಾರ್ಸು ಬಡಿಸಿದರು, ಆಮೇಲೆ ಆಲಿಗೋ. ಆಲೂಗಡ್ಡೆಗೆ ಎಳೆ ಚೀಸ್, ಬೆಳ್ಳುಳ್ಳಿ ಹಾಕಿ ತಿರುವಿ ತಿರುವಿ, ಸೌಟು ಎತ್ತಿದರೆ ಮೊಣಕೈಯುದ್ದ ಎಳೆ ಬರುವಂತೆ ಮಾಡುವ ಅಡುಗೆ. ಅಷ್ಟು ಜಿಡ್ಡಿನ ನಡುವೆ ಒಂದು ಗುಟುಕು ಮಾರ್ಸಿಯಾಕ್ ಬಾಯಿಯನ್ನು ತೊಳೆದು ಮುಂದಿನ ತುತ್ತಿಗೆ ಅಣಿ ಮಾಡುತ್ತದೆ. ಓಕ್ ಪೀಪಾಯಿಯ ಭಾರದ ವೈನ್ ಆಗಿದ್ದರೆ ಅರ್ಧ ಊಟಕ್ಕೇ ಸಾಕಾಗುತ್ತಿತ್ತು. ಈಗ ಮನೆಯಲ್ಲಿ ರೊಟ್ಟಿ, ಎಣ್ಣೆಗಾಯಿ ಮಾಡಿದ ದಿನ ನಾನು ತೆಗೆಯುವುದು ಇದನ್ನೇ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು.

ಊಟದ ನಡುವೆ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಪ್ಪ ಒಂದು ಹನಿ ಮುಟ್ಟುವವರಲ್ಲ. ಬಾಟಲಿಯ ಕಡೆ ನೋಡಲೂ ಇಲ್ಲ, ತೋಟ ತೋರಿಸು ಎಂದರು.

"ಎಕರೆಗೆ ಎಷ್ಟ್ ಟನ್ ಬರ್ತೈತಿ, ಕೇಳು."

ಇಲ್ಲಿ ಇಳುವರಿಗೆ ಕಾನೂನಿನ ಮಿತಿ ಇದೆ, ಅದನ್ನು ಮೀರಿದರೆ ಮಾರ್ಸಿಯಾಕ್ ಹೆಸರು ಹಾಕುವಂತಿಲ್ಲ ಎಂದೆ.

"ಹೆಚ್ಚಿಗಿ ಬೆಳೀಬ್ಯಾಡ್ರಿ ಅಂತ ಸರಕಾರನ ಹೇಳ್ತೈತಿ?" ಅಪ್ಪನಿಗೆ ಆ ಬೆರಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಆಳು ಸಿಗ್ತಾವೇನು?"

ಮಾವನಿಗೆ ಫ್ರೆಂಚಿನಲ್ಲಿ ಹೇಳಿದೆ. ಅವರು ಎರಡೂ ಕೈ ಅಗಲಿಸಿ ತಲೆ ಅಲ್ಲಾಡಿಸಿದರು. ಅಪ್ಪನಿಗೆ ಅನುವಾದ ಬೇಕಾಗಲಿಲ್ಲ. ಇಬ್ಬರೂ ಪರದೆಯ ಆಚೆ ಈಚೆ ಬಹಳ ದಿನದ ಪರಿಚಯದವರಂತೆ ನಕ್ಕರು.

"ಒಂದೆರಡು ಕಡ್ಡಿ ತರಾಕ ಬರ್ತೈತೇನು?"

ಬಳ್ಳಿಯ ಕಡ್ಡಿ ತರಲು ಆಮದು ಪರವಾನಗಿ, ಕ್ವಾರಂಟೈನ್ ಎಲ್ಲ ಆಗಬೇಕು ಎಂದೆ. ಇಲ್ಲಿನ ಬಳ್ಳಿ ಚಳಿಗಾಲವೆಲ್ಲ ಎಲೆ ಉದುರಿಸಿ ಮಲಗುತ್ತದೆ, ನಮ್ಮಲ್ಲಿ ಆ ಚಳಿಯೇ ಇಲ್ಲ, ಅದಕ್ಕೇ ಅಲ್ಲವೇ ನೀವು ಏಪ್ರಿಲ್‌ನಲ್ಲೊಮ್ಮೆ ಅಕ್ಟೋಬರ್‌ನಲ್ಲೊಮ್ಮೆ ಬಳ್ಳಿ ಸವರಿ ಚಾಟ್ನಿ ಮಾಡುವುದು ಎಂದೂ ಹೇಳಿದೆ.

"ಚಾಟ್ನಿ ನಾ ನೋಡ್ಕೋತೀನಿ. ನೀ ಪರವಾನಗಿ ವಿಚಾರ್ಸು" ಎಂದರು ಅಪ್ಪ.