ಫ್ರೆಂಚ್ ನಟಿಯರಲ್ಲಿ ಝಾನ್ ಮೊರೊ ಅವರೇ ಏಕೆ?

ಫ್ರೆಂಚ್ ಚಿತ್ರಗಳ ಮಾತು ಬಂದಾಗಲೆಲ್ಲ ಗೆಳೆಯರು ಕೇಳುವ ಪ್ರಶ್ನೆ ಒಂದೇ: ಬ್ರಿಜಿತ್ ಬಾರ್ದೊ, ಕ್ಯಾಥರೀನ್ ದೆನೂವ್ ಅವರಂಥ ಚೆಲುವೆಯರಿರುವಾಗ ನೀವು ಝಾನ್ ಮೊರೊ ಹೆಸರನ್ನೇ ಏಕೆ ಮೊದಲು ಹೇಳುತ್ತೀರಿ?

ಮೊರೊ ಅವರನ್ನು ರೂಪಿಸಿದ್ದು ರಂಗಭೂಮಿ, ಅದಕ್ಕೇ. ಅವರು ಹುಟ್ಟಿದ್ದು 1928ರಲ್ಲಿ, ಪ್ಯಾರಿಸ್ಸಿನಲ್ಲಿ. ತಾಯಿ ಇಂಗ್ಲೆಂಡಿನಿಂದ ಬಂದ ನರ್ತಕಿ. ತಂದೆ ಫ್ರೆಂಚರು, ಮಗಳು ನಟಿಯಾಗುವುದನ್ನು ಒಪ್ಪದವರು. ಆದರೂ ಇಪ್ಪತ್ತು ತುಂಬುವ ಮೊದಲೇ ಆಕೆ ಫ್ರಾನ್ಸಿನ ಹಳೆಯ ರಾಷ್ಟ್ರೀಯ ನಾಟಕ ಸಂಸ್ಥೆಯಾದ ಕೊಮೆದಿ ಫ್ರಾನ್ಸೇಸ್ ಸೇರಿದರು. ಸಿನಿಮಾದಲ್ಲಿ ಮಾತ್ರ ಬಹುಕಾಲ ಸಣ್ಣಪುಟ್ಟ ಪಾತ್ರಗಳು, ಮುಖದ ತುಂಬ ಮೇಕಪ್ಪು.

ಇದನ್ನು ಬದಲಿಸಿದವರು ನಿರ್ದೇಶಕ ಲೂಯಿ ಮಾಲ್. 1958ರಲ್ಲಿ ತೆರೆಕಂಡ 'ಎಲಿವೇಟರ್ ಟು ದ ಗ್ಯಾಲೋಸ್' ಚಿತ್ರದಲ್ಲಿ, ತನ್ನ ಗಂಡನನ್ನು ಕೊಂದ ಪ್ರಿಯಕರ ಲಿಫ್ಟಿನಲ್ಲಿ ಸಿಕ್ಕಿಕೊಂಡಿರುವುದನ್ನು ಅರಿಯದ ಹೆಣ್ಣು ಅವನನ್ನು ಹುಡುಕುತ್ತ ರಾತ್ರಿಯಿಡೀ ಬೀದಿ ಅಲೆಯುತ್ತಾಳೆ. ಛಾಯಾಗ್ರಾಹಕ ಆಂರಿ ದೆಕಾ ಆ ದೃಶ್ಯಗಳನ್ನು ಪ್ಯಾರಿಸ್ಸಿನ ಷಾಂಜೆಲಿಜೆ ಬೀದಿಯ ಅಂಗಡಿಗಳಿಂದ ಬೀಳುವ ಬೆಳಕಿನಲ್ಲೇ ಚಿತ್ರಿಸಿದರು. ಕಣ್ಣಿನ ಕೆಳಗಿನ ದಣಿವನ್ನೂ ತುಟಿಯಂಚಿನ ಇಳಿಜಾರನ್ನೂ ಮರೆಮಾಚದ ಆ ಮುಖವನ್ನು ಕಂಡು ಲ್ಯಾಬಿನ ತಂತ್ರಜ್ಞರು ತಕರಾರು ತೆಗೆದರೆಂದು ಮಾಲ್ ನಂತರ ಹೇಳಿಕೊಂಡಿದ್ದಾರೆ. ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್ ಅವರ ಟ್ರಂಪೆಟ್ಟಿನ ಹೊರತು ಆ ಅಲೆದಾಟಕ್ಕೆ ಒತ್ತಾಸೆಯಾಗಿರುವುದು ಮೊರೊ ಅವರ ನಡಿಗೆಯೊಂದೇ.

ಅದೇ ವರ್ಷ ಮಾಲ್ ಅವರ 'ದ ಲವರ್ಸ್' ಬಂತು. ಅದು ಅಶ್ಲೀಲವೆಂದು, ಪ್ರದರ್ಶಿಸಿದ್ದಕ್ಕೆ ಅಮೆರಿಕದ ಒಹಾಯೊ ರಾಜ್ಯದಲ್ಲಿ ಚಿತ್ರಮಂದಿರದ ಮ್ಯಾನೇಜರಿಗೆ ದಂಡ ಬಿತ್ತು. 1964ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ರದ್ದುಪಡಿಸಿತು. ಇಂದು ನೋಡಿದವರಿಗೆ ಅಷ್ಟೆಲ್ಲ ಗಲಾಟೆ ಏಕಾಯಿತೆಂದು ಅಚ್ಚರಿಯಾದೀತು.

1962ರ 'ಜೂಲ್ ಎ ಜಿಮ್' ಮೊರೊ ಅವರ ಅತಿ ಪ್ರಸಿದ್ಧ ಚಿತ್ರವಾದರೂ, ನನ್ನ ಮಟ್ಟಿಗೆ ಅದರ ಹಿಂದಿನ ವರ್ಷ ನಿರ್ದೇಶಕ ಆಂತೊನಿಯೊನಿ ಇಟಲಿಯಲ್ಲಿ ತೆಗೆದ 'ಲಾ ನೊತ್ತೆ' ಅದಕ್ಕಿಂತ ಮೇಲು. ಅದರ ಕೊನೆಯಲ್ಲಿ ಮೊರೊ ನಟಿಸಿದ ಹೆಂಡತಿ ಹಳೆಯ ಪ್ರೇಮಪತ್ರವೊಂದನ್ನು ಗಂಡನಿಗೆ ಓದಿ ಹೇಳುತ್ತಾಳೆ; ಬರೆದವರು ಯಾರೆಂದು ಅವನು ಕೇಳುತ್ತಾನೆ, ಬರೆದವನು ಅವನೇ. ಎಲ್ಲಿಯೂ ಅಳುವಿಗೆ ಎಡೆಗೊಡದೆ ಆ ದೃಶ್ಯವನ್ನು ನಿಭಾಯಿಸಲು ಬೇಕಾದ ಹಿಡಿತ ಬರಿಯ ಚೆಲುವಿನಿಂದ ಬರುವಂಥದ್ದಲ್ಲ.

ಮುಂದೆ ಮೊರೊ 1976ರಲ್ಲಿ 'ಲ್ಯುಮಿಯೇರ್' ಚಿತ್ರವನ್ನು ತಾವೇ ನಿರ್ದೇಶಿಸಿದರು, ಕಾನ್ ಚಲನಚಿತ್ರೋತ್ಸವದ ತೀರ್ಪುಗಾರರ ಮಂಡಲಿಗೆ ಎರಡು ಬಾರಿ ಅಧ್ಯಕ್ಷರಾದರು, 2017ರಲ್ಲಿ ತೀರಿಕೊಳ್ಳುವುದಕ್ಕೆ ಕೆಲವೇ ವರ್ಷ ಮೊದಲಿನವರೆಗೂ ನಟಿಸಿದರು. ಯಾವುದರಿಂದ ಆರಂಭಿಸಲಿ ಎನ್ನುವವರು ಒಂದೂವರೆ ಗಂಟೆಯಲ್ಲಿ ಮುಗಿಯುವ 'ಎಲಿವೇಟರ್' ನೋಡಿ, ಆಮೇಲೆ 'ಲಾ ನೊತ್ತೆ'ಗೆ ಬರಲಿ. 'ಜೂಲ್ ಎ ಜಿಮ್' ಸ್ವಲ್ಪ ಕಾಯಬಹುದು.